ಸಹಿಯ ದೃಶ್ಯ: ಒಬ್ಬ ನಾಟಕಕಾರ್ತಿ, ಒಂದು ತಂಡ, ಎರಡು ಮುಕ್ತಾಯ

ಇಲ್ಲಿ ಬರುವ ನಾಟಕಕಾರ್ತಿ ಯಾರು, ತಂಡ ಯಾವುದು ಎಂದು ಹೇಳುವುದಿಲ್ಲ. ಊರುಗಳ ಹೆಸರನ್ನೂ ನಾಟಕಗಳ ಹೆಸರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಲೇಖಕಿಯೂ ನಿರ್ದೇಶಕರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿರುವುದು. ‘ನನ್ನ ನಾಟಕವನ್ನು ಕೇಳದೆ ಬದಲಿಸಿದ್ದಾರೆ, ಏನು ಮಾಡಲಿ?’ ಎಂದು ಹೊಸದಾಗಿ ಬರೆಯುವವರು ಆಗಾಗ ಕೇಳುತ್ತಾರೆ. ಬಾಯಿಮಾತಿನ ಸಮಾಧಾನಕ್ಕಿಂತ, ಹಾಗೆ ಆದಾಗ ಒಬ್ಬರು ನಿಜಕ್ಕೂ ಏನು ಮಾಡಿದರು ಎಂಬುದನ್ನು ಮೊದಲಿನಿಂದ ಹೇಳುವುದೇ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಹಿನ್ನೆಲೆ

ಲೇಖಕಿ ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಪದವಿಪೂರ್ವ ಕಾಲೇಜಿನ ಕನ್ನಡ ಉಪನ್ಯಾಸಕಿ. ಬರೆಯಲು ತೊಡಗಿದ್ದು ಕಾಲೇಜಿನ ವಾರ್ಷಿಕೋತ್ಸವಕ್ಕಾಗಿ. ಎಷ್ಟು ಮಕ್ಕಳು ಹೆಸರು ಕೊಡುತ್ತಾರೋ ಅಷ್ಟು ಪಾತ್ರ, ಯಾರಿಗೆ ಮಾತು ಬರುತ್ತದೋ ಅವರಿಗೆ ಮಾತು, ಉಳಿದವರಿಗೆ ಮೇಳ. ಈ ಇಕ್ಕಟ್ಟಿನಲ್ಲಿ ಬರೆದು ಬರೆದು ಅವರಿಗೆ ಒಂದು ಗುಣ ಕೈಗೂಡಿತ್ತು: ಪಾತ್ರ ಮಾತಾಡದೆ ನಿಂತಿರುವಾಗಲೂ ಅದು ರಂಗದ ಮೇಲೆ ಏನು ಮಾಡುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ದೊಡ್ಡವರಿಗೆಂದು ಬರೆದ ಮೊದಲ ನಾಟಕದ ಹಸ್ತಪ್ರತಿಗೆ ಬಹುಮಾನ ಬಂತು. ಪುಸ್ತಕವೂ ಆಯಿತು. ಆದರೆ ಯಾವ ತಂಡವೂ ಅದನ್ನು ಆಡಲಿಲ್ಲ.

ಬಹುಮಾನದ ಸುದ್ದಿ ನೋಡಿ ಬಂದ ಕರೆಗಳೆಲ್ಲ ಬೇರೆ ಕೆಲಸಕ್ಕೆ: ಒಂದು ಪ್ರಸಿದ್ಧ ಕಾದಂಬರಿಯನ್ನು ರಂಗರೂಪ ಮಾಡಿಕೊಡಿ, ಒಬ್ಬ ದೊಡ್ಡ ಲೇಖಕರ ಕಥೆಗಳನ್ನು ಜೋಡಿಸಿ ಒಂದೂವರೆ ಗಂಟೆಗೆ ಇಳಿಸಿಕೊಡಿ. ಇದು ಇವರೊಬ್ಬರ ಅನುಭವವಲ್ಲ. ಮೈಸೂರಿನ ರಂಗಾಯಣ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ ಒಂಬತ್ತು ಗಂಟೆಗಳ ಪ್ರಯೋಗವಾಗಿ ಆಡಿದ ಮೇಲೆ ಕಾದಂಬರಿಗಳ ಕಡೆಗೆ ತಂಡಗಳ ಒಲವು ಇನ್ನಷ್ಟು ಬೆಳೆಯಿತು ಎಂಬುದು ನನ್ನ ಗ್ರಹಿಕೆ. ಆ ಪ್ರಯೋಗ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ ಜನ ಈಗಾಗಲೇ ಬಲ್ಲ ಹೆಸರು ಕರಪತ್ರದಲ್ಲಿದ್ದರೆ ಟಿಕೆಟ್ ಮಾರುವುದು ಸುಲಭ, ಪ್ರಾಯೋಜಕರನ್ನು ಒಪ್ಪಿಸುವುದು ಸುಲಭ. ಹೊಸ ನಾಟಕಕಾರರ ಹೊಸ ನಾಟಕಕ್ಕೆ ಈ ಎರಡೂ ಅನುಕೂಲಗಳಿಲ್ಲ.

ಲೇಖಕಿ ಕೆಲವು ವರ್ಷ ರಂಗರೂಪಗಳನ್ನೇ ಮಾಡಿಕೊಟ್ಟರು. ಕೈ ಪಳಗಿತು, ತಂಡಗಳ ಪರಿಚಯವಾಯಿತು. ಜೊತೆಗೆ ಒಂದು ರೂಢಿಯೂ ಬಂದುಬಿಟ್ಟಿತು. ರಂಗರೂಪ ಕೊಟ್ಟ ಮೇಲೆ ತಾಲೀಮಿಗೆ ಹೋಗುವ ಪದ್ಧತಿ ಇರಲಿಲ್ಲ. ನಿರ್ದೇಶಕರು ದೃಶ್ಯಗಳನ್ನು ಹಿಂದೆ ಮುಂದೆ ಮಾಡುತ್ತಿದ್ದರು, ಹಾಡು ಸೇರಿಸುತ್ತಿದ್ದರು. ಕಥೆ ಬೇರೆಯವರದ್ದು ಎಂಬ ಕಾರಣಕ್ಕೆ ಅವರೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಗೌರವಧನ ಬಂದರೆ ಬಂತು. ಕಾಗದದ ಮೇಲೆ ಯಾವ ಮಾತೂ ಇಲ್ಲ. ಮುಂದಿನ ತೊಡಕಿಗೆಲ್ಲ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಗುಬ್ಬಿ ನಾಟಕ ಕಂಪನಿಯ ಕಾಲದಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥವರು ಕಂಪನಿಗಾಗಿಯೇ ನಾಟಕ ಬರೆಯುತ್ತಿದ್ದರು. ಯಾವ ನಟನಿಗೆ ಯಾವ ಮಾತು ಒಪ್ಪುತ್ತದೆ ಎಂಬ ಅರಿವು ಬರೆಯುವ ಕೈಗೇ ಇತ್ತು. ಹವ್ಯಾಸಿ ರಂಗಭೂಮಿ ಬೆಳೆದ ಮೇಲೆ ನಾಟಕ ಮೊದಲು ಪುಸ್ತಕವಾಗಿ, ಆಮೇಲೆ ಪ್ರಯೋಗವಾಗಿ ಬರುವುದು ಹೆಚ್ಚಾಯಿತು. ಬರೆಯುವವರು ಒಂದು ಊರಿನಲ್ಲಿ, ಆಡುವವರು ಇನ್ನೊಂದು ಊರಿನಲ್ಲಿ. ತಾಲೀಮಿನ ಕೋಣೆಯಲ್ಲಿ ನಾಟಕಕಾರರಿಗೊಂದು ಕುರ್ಚಿ ಹಾಕಬೇಕು ಎಂಬ ಯೋಚನೆ ನಮ್ಮ ಎಷ್ಟೋ ತಂಡಗಳಿಗೆ ಇಂದಿಗೂ ಹೊಳೆಯುವುದಿಲ್ಲ.

ನಾಟಕ

ಎರಡನೆಯ ಸ್ವಂತ ನಾಟಕವನ್ನು ಇಲ್ಲಿ ‘ಸಹಿಯ ನಾಟಕ’ ಎಂದು ಕರೆಯುತ್ತೇನೆ. ಹೆದ್ದಾರಿ ಅಗಲೀಕರಣಕ್ಕೆ ಒಂದು ಕುಟುಂಬದ ಜಮೀನು ಹೋಗುತ್ತದೆ. ತಂದೆ ತೀರಿಕೊಂಡು ಬಹಳ ಕಾಲವಾಗಿದೆ. ಪಹಣಿ ಇನ್ನೂ ಅವರ ಹೆಸರಿನಲ್ಲೇ ಇದೆ. ಪರಿಹಾರದ ಹಣ ಬರಬೇಕಾದರೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ತಂಗಿಯ ಹೆಸರೂ ಇರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕಾನೂನು ಹೀಗಿದ್ದರೂ ಊರುಗಳಲ್ಲಿ ನಡೆಯುವುದು ಬೇರೆ. ತಂಗಿಯನ್ನು ಹಬ್ಬಕ್ಕೆಂದು ಕರೆಸುತ್ತಾರೆ, ಹಕ್ಕು ಬಿಡುಗಡೆ ಪತ್ರ ಮುಂದಿಡುತ್ತಾರೆ.

ಕೊನೆಯ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಡುಮನೆಯಲ್ಲಿ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಅತ್ತಿಗೆ ಉಡಿ ತುಂಬುತ್ತಾಳೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ. ಒಂದೊಂದಾಗಿ ಬೀಳುತ್ತಿರುವಾಗ ತಂಗಿ ಸೆರಗು ಹಿಡಿದು ಸುಮ್ಮನೆ ನೋಡುತ್ತಾಳೆ. ಎಲ್ಲ ಮುಗಿದ ಮೇಲೆ ಅಣ್ಣ ಕಾಗದವನ್ನೂ ಪೆನ್ನನ್ನೂ ಮುಂದೆ ಹಿಡಿಯುತ್ತಾನೆ. ಎರಡೂ ಕೈಯಲ್ಲಿ ತುಂಬಿದ ಸೆರಗು. ಪೆನ್ನು ಹಿಡಿಯಬೇಕಾದರೆ ಒಂದು ಕೈ ಬಿಡಿಸಿಕೊಳ್ಳಬೇಕು. ಅವಳು ಸೆರಗನ್ನು ಒಂದೇ ಕೈಗೆ ಒಟ್ಟುಮಾಡಿಕೊಳ್ಳುವಾಗ ಒಂದಿಷ್ಟು ಅಕ್ಕಿ ನೆಲಕ್ಕೆ ಬೀಳುತ್ತದೆ. ಅವಳು ಸಹಿ ಹಾಕುತ್ತಾಳೆ. ಆಮೇಲೆ ಅತ್ತಿಗೆಯ ಕಡೆ ತಿರುಗಿ ನಾಟಕದ ಕೊನೆಯ ಮಾತು ಕೇಳುತ್ತಾಳೆ: “ಅತ್ತಿಗೆ, ನಿಮ್ಮ ತವರಿನ ಕಾಗದಕ್ಕೆ ನೀವು ಯಾವಾಗ ಸಹಿ ಹಾಕಿದಿರಿ?”

ಇದು ಬಹಳ ದಿನ ಕಾದು ಸಿಕ್ಕಿದ ದೃಶ್ಯ ಎಂದು ಲೇಖಕಿ ಹೇಳುತ್ತಾರೆ. ನನಗೂ ಇದು ಇತ್ತೀಚಿನ ಕನ್ನಡ ನಾಟಕಗಳ ಒಳ್ಳೆಯ ದೃಶ್ಯಗಳಲ್ಲೊಂದು.

ಸಮಸ್ಯೆ

ರಂಗರೂಪಗಳ ಮೂಲಕ ಪರಿಚಯವಾಗಿದ್ದ ಒಂದು ತಂಡ ನಾಟಕವನ್ನು ಕೈಗೆತ್ತಿಕೊಂಡಿತು. ನಿರ್ದೇಶಕರು ಅನುಭವಿ, ದುಡಿಯುವವರು. ಅವರ ಮೇಲೆ ಲೇಖಕಿಗೆ ಗೌರವವಿತ್ತು, ಈಗಲೂ ಇದೆ. ಹಳೆಯ ರೂಢಿಯಂತೆ ಹಸ್ತಪ್ರತಿ ಕೊಟ್ಟು ಇವರು ಊರಿಗೆ ಮರಳಿದರು. ತಾಲೀಮಿನ ಅವಧಿಯಲ್ಲಿ ಫೋನ್ ಬಂದಿದ್ದು ದಿನಾಂಕ ತಿಳಿಸಲು ಮಾತ್ರ.

ಬೆಂಗಳೂರಿನಲ್ಲಿ ಮೊದಲ ಪ್ರದರ್ಶನ. ಉಡಿ ತುಂಬುವಾಗ ಮೇಳದವರು ಒಂದು ಸೋಬಾನೆಯ ಹಾಡು ಎತ್ತಿಕೊಂಡರು. ಹಾಡು ಇಂಪಾಗಿಯೇ ಇತ್ತು, ಆದರೆ ತಂಗಿಯ ಮೌನ ಅದರಡಿ ಮುಚ್ಚಿಹೋಯಿತು. ಅಣ್ಣ ಕಾಗದ ಹಿಡಿದಾಗ ತಂಗಿ ಎದ್ದು ನಿಂತಳು, ಉಡಿಯನ್ನು ಚೆಲ್ಲಿದಳು, ಹೆಣ್ಣಿನ ಹಕ್ಕಿನ ಬಗ್ಗೆ ಉದ್ದನೆಯ ಮಾತಾಡಿ ಪತ್ರವನ್ನು ಹರಿದು ಎಸೆದಳು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಲೇಖಕಿಯನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಅತ್ತಿಗೆಯನ್ನು ಕೇಳುವ ಕೊನೆಯ ಮಾತು ಇರಲೇ ಇಲ್ಲ.

ನಿರ್ದೇಶಕರ ವಾದವನ್ನೂ ಸರಿಯಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ತೂಕವಿದೆ. ಸೋತು ಸಹಿ ಹಾಕುವ ಹೆಣ್ಣನ್ನು ತೋರಿಸಿದರೆ ನೋಡುವ ಹುಡುಗಿಯರಿಗೆ ಸೋಲುವುದನ್ನೇ ಕಲಿಸಿದಂತಾಗುತ್ತದೆ ಎಂಬುದು ಅವರ ನಂಬಿಕೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆಯಂಥವರ ಚಳವಳಿಯ ನಾಟಕಗಳನ್ನು ನೋಡಿ, ಆಡಿ ಬೆಳೆದವರು ಅವರು. ರಂಗಭೂಮಿ ಜನರನ್ನು ಎಬ್ಬಿಸಬೇಕು ಎಂಬುದು ಅವರಿಗೆ ಬಾಯಿಮಾತಲ್ಲ. ಹಸ್ತಪ್ರತಿ ಓದಿದಾಗಲೇ ಅವರಿಗೆ ಈ ಮುಕ್ತಾಯ ಬೇಡವೆನ್ನಿಸಿತ್ತು. ಬೇಡವೆನ್ನಿಸಿದ್ದು ತಪ್ಪಲ್ಲ. ಅದನ್ನು ಬರೆದವರಿಗೆ ಹೇಳದೆ ಇದ್ದದ್ದು, ಅವರ ಹೆಸರಿನಲ್ಲೇ ಬೇರೆ ನಾಟಕ ಆಡಿದ್ದು ತಪ್ಪು.

ಆಗ ಲೇಖಕಿಯ ಮುಂದಿದ್ದ ದಾರಿಗಳು

ಹತ್ತಾರು ಊರುಗಳಲ್ಲಿ ಪ್ರದರ್ಶನ ನಿಗದಿಯಾಗಿತ್ತು, ಅನೇಕ ಕಡೆ ಮುಂಗಡವನ್ನೂ ಪಡೆದಾಗಿತ್ತು. ಗೆಳೆಯರಲ್ಲಿ ಕೆಲವರು ವಕೀಲರ ಮೂಲಕ ನೋಟಿಸ್ ಕೊಡಿ ಎಂದರು. ಚಪ್ಪಾಳೆ ಬಂದಿದೆ, ಸುಮ್ಮನಿರಿ ಎಂದವರೂ ಇದ್ದರು.

ಕಾನೂನು ಏನು ಹೇಳುತ್ತದೆ ಎಂದು ಅವರು ವಿಚಾರಿಸಿದರು. ನಾಟಕ ಬರೆಯುವ ಪ್ರತಿಯೊಬ್ಬರೂ ಇಷ್ಟನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಂ ಪ್ರಕಾರ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಿದ ಮೇಲೂ ಕೃತಿಗೆ ತಾನೇ ಕರ್ತೃ ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ. ತಮ್ಮ ಗೌರವಕ್ಕೆ, ಹೆಸರಿಗೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ಉಳಿಯುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯ ಸಿನಿಮಾ ರೂಪದ ವಿರುದ್ಧ ಹೋದಾಗ ದೆಹಲಿ ಹೈಕೋರ್ಟ್ 1986ರಲ್ಲಿ ಈ ಹಕ್ಕನ್ನು ಎತ್ತಿಹಿಡಿದಿತ್ತು. ಆದರೆ ಒಂದು ದೃಶ್ಯ ಬದಲಿಸಿದ ಮಾತ್ರಕ್ಕೆ ವಿರೂಪ ಎಂದು ಸಾಬೀತಾಗುವುದಿಲ್ಲ. ಹೆಸರಿಗೆ ಹಾನಿಯಾಯಿತು ಎಂದು ತೋರಿಸಬೇಕು. ಹಾರ ಹಾಕಿಸಿಕೊಂಡ ವೇದಿಕೆಯ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ಹಾಗೆ ತೋರಿಸುವುದು ಕಷ್ಟ.

ಬರಹದಲ್ಲಿ ಏನೂ ಇಲ್ಲದಿರುವುದು ಇಬ್ಬರಿಗೂ ತೊಂದರೆಯಾಗಿತ್ತು. ಹಕ್ಕು ವರ್ಗಾವಣೆ ಲಿಖಿತವಾಗಿ ಇರಲೇಬೇಕು ಎನ್ನುತ್ತದೆ ಅದೇ ಕಾಯ್ದೆ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು ಲೆಕ್ಕ. ಇಲ್ಲಿ ಕಾಗದವೇ ಇರಲಿಲ್ಲ. ಟಿಕೆಟ್ ಇಟ್ಟು ಆಡುತ್ತಿದ್ದ ತಂಡಕ್ಕೆ ತನ್ನ ಅನುಮತಿ ಯಾವುದು ಎಂದು ತೋರಿಸಲು ಆಗುತ್ತಿರಲಿಲ್ಲ. ಏನಕ್ಕೆ ಒಪ್ಪಿದ್ದೆ, ಏನಕ್ಕೆ ಒಪ್ಪಿರಲಿಲ್ಲ ಎಂದು ಲೇಖಕಿಗೂ ತೋರಿಸಲು ಆಗುತ್ತಿರಲಿಲ್ಲ.

ಅವರು ನೋಟಿಸ್ ಕೊಡಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ನಿರ್ದೇಶಕರಿಗೆ ಒಂದು ಪುಟದ ಪತ್ರ ಬರೆದರು. ಅದರಲ್ಲಿ ಎರಡೇ ಕೋರಿಕೆ. ಇಡೀ ತಂಡದ ಮುಂದೆ ಮೂಲ ಹಸ್ತಪ್ರತಿಯನ್ನು ಒಮ್ಮೆ ತಾವೇ ಓದಬೇಕು. ಅಲ್ಲಿಯವರೆಗೆ ನಡೆಯುವ ಪ್ರದರ್ಶನಗಳಲ್ಲಿ, ಮುಕ್ತಾಯ ನಿರ್ದೇಶಕರದ್ದು ಎಂದು ಆರಂಭದಲ್ಲೇ ಘೋಷಿಸಬೇಕು. ನನ್ನ ಮಟ್ಟಿಗೆ ಪ್ರಕರಣ ತಿರುವು ಪಡೆದದ್ದು ಇಲ್ಲಿ. ಪ್ರದರ್ಶನ ನಿಲ್ಲಿಸಿ ಎಂದಿದ್ದರೆ ನಷ್ಟ ಬೀಳುತ್ತಿದ್ದುದು ದಿನಗೂಲಿ ಬಿಟ್ಟು ತಾಲೀಮಿಗೆ ಬರುತ್ತಿದ್ದ ನಟರ ಮೇಲೆ. ಅದು ಬೇಡ ಎಂಬುದು ಅವರಿಗೆ ಸ್ಪಷ್ಟವಿತ್ತು. ಕೇಳಿದ್ದು ಚಿಕ್ಕದಾಗಿತ್ತು, ಇಲ್ಲ ಎನ್ನಲು ನಿರ್ದೇಶಕರಿಗೆ ಕಾರಣ ಸಿಗಲಿಲ್ಲ.

ಓದು

ಓದು ನಡೆದದ್ದು ತಂಡ ತಾಲೀಮಿಗೆಂದು ಬಾಡಿಗೆಗೆ ಹಿಡಿದಿದ್ದ ಸಭಾಂಗಣದಲ್ಲಿ. ಅಷ್ಟು ದಿನ ಆಡಿದ್ದರೂ ನಟರಲ್ಲಿ ಹೆಚ್ಚಿನವರು ಮೂಲ ಮುಕ್ತಾಯವನ್ನು ನೋಡಿಯೇ ಇರಲಿಲ್ಲ. ಅವರ ಕೈಗೆ ಸಿಕ್ಕಿದ್ದು ನಿರ್ದೇಶಕರು ಬದಲಿಸಿದ ರಂಗಪ್ರತಿ ಮಾತ್ರ. ಲೇಖಕಿ ಕೊನೆಯ ಮಾತು ಓದಿದಾಗ ಅತ್ತಿಗೆಯ ಪಾತ್ರದವರು, “ಮೇಡಂ, ಹಾಗಾದರೆ ಈ ದೃಶ್ಯ ನನ್ನದೂ ಅಲ್ಲವೇ?” ಎಂದರು. ಅದುವರೆಗೆ ಅವರು ಉಡಿ ತುಂಬಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಕಾಗದ ಹರಿಯುವ ಮುಕ್ತಾಯದಲ್ಲಿ ಅತ್ತಿಗೆ ಅಣ್ಣನ ಪಕ್ಷದವಳು. ಸಹಿ ಹಾಕುವ ಮುಕ್ತಾಯದಲ್ಲಿ ಅವಳೂ ಹಿಂದೊಮ್ಮೆ ಇದೇ ಮಣೆಯ ಮೇಲೆ ಕೂತಿದ್ದವಳು.

ತಂಗಿಯ ಪಾತ್ರದ ನಟಿ ಮಾತ್ರ ಒಪ್ಪಲಿಲ್ಲ. ಹರಿದು ಎಸೆಯುವಾಗ ತನಗೆ ಸಿಗುವ ಬಲವನ್ನು ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಈ ಮಾತನ್ನು ಲೇಖಕಿ ತಳ್ಳಿಹಾಕಲಿಲ್ಲ. ಸಹಿ ಹಾಕುವ ಹೆಣ್ಣು ಸೋತವಳಾಗಿ ಕಾಣುತ್ತಿದ್ದಾಳೆ ಎಂದರೆ ಬರವಣಿಗೆಯಲ್ಲೂ ಏನೋ ಕೊರತೆ ಇದೆ ಎಂದುಕೊಂಡರು. ಅವರು ಅಲ್ಲೇ ಕೂತು ಒಂದು ಕಡೆ ತಿದ್ದಿದರು. ಮೊದಲು ತಂಗಿ ಅಣ್ಣ ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಿದ್ದಳು. ಈಗ ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ಸರ್ವೆ ನಂಬರು, ಎಕರೆ ಗುಂಟೆ, ಚೆಕ್ಕುಬಂದಿ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. ಏನನ್ನು ಬಿಡುತ್ತಿದ್ದೇನೆ ಎಂದು ಎಲ್ಲರ ಎದುರು ಹೇಳಿಯೇ ಬಿಡುತ್ತಾಳೆ. ನಟಿಗೆ ಹಿಡಿದುಕೊಳ್ಳಲು ಒಂದು ಆಸರೆ ಸಿಕ್ಕಿತು. ಮೂಲಕ್ಕಿಂತ ಇದು ಉತ್ತಮ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಮೊದಲೇ ತಾಲೀಮಿಗೆ ಕರೆದಿದ್ದರೆ ಈ ತಿದ್ದುಪಡಿ ಮೊದಲ ಪ್ರದರ್ಶನಕ್ಕೇ ಸಿಗುತ್ತಿತ್ತು.

ಏನಾಯಿತು

ಹೊಸ ಮುಕ್ತಾಯದೊಂದಿಗೆ ತಂಡ ಊರೂರು ತಿರುಗಿತು. ಚಪ್ಪಾಳೆ ಕಡಿಮೆಯಾಯಿತು, ಇದನ್ನು ನಿರ್ದೇಶಕರೂ ಲೇಖಕಿಯೂ ಒಪ್ಪುತ್ತಾರೆ. ಪರದೆ ಬಿದ್ದ ಮೇಲೆ ನಾಟಕ ಮುಗಿಯಿತೋ ಇಲ್ಲವೋ ಎಂದು ಜನ ಅನುಮಾನಿಸುತ್ತಿದ್ದರು. ಆದರೆ ಸಂವಾದಕ್ಕೆ ಉಳಿಯುವವರು ಹೆಚ್ಚಾದರು, ಅದರಲ್ಲೂ ಹೆಂಗಸರು. ಒಂದು ತಾಲ್ಲೂಕು ಕೇಂದ್ರದಲ್ಲಿ ಹಿರಿಯರೊಬ್ಬರು ಎದ್ದು, ಇಂಥ ನಾಟಕ ಆಡಿ ಅಣ್ಣ ತಂಗಿಯರ ನಡುವೆ ಜಗಳ ತರುತ್ತಿದ್ದೀರಿ ಎಂದು ಗದರಿದರು. ಸಹಿ ಹಾಕುವ ಹೆಣ್ಣನ್ನು ನೋಡಿಯೇ ಅವರಿಗೆ ಅಷ್ಟು ಸಿಟ್ಟು ಬಂದಿತ್ತು. ಹರಿದು ಎಸೆಯುವ ಮುಕ್ತಾಯ ಯಾವ ಊರಿನಲ್ಲೂ ಯಾರನ್ನೂ ಹೀಗೆ ಕೆಣಕಿರಲಿಲ್ಲ ಎಂದು ನಿರ್ದೇಶಕರೇ ನನಗೆ ಹೇಳಿದರು. ಅವರ ಮನಸ್ಸು ನಿಜವಾಗಿ ಬದಲಾದದ್ದು ಓದಿನ ದಿನವಲ್ಲ, ಆ ಹಿರಿಯರ ಮಾತು ಕೇಳಿದ ಮೇಲೆ.

ಎಲ್ಲವೂ ಒಳ್ಳೆಯದೇ ಆಗಲಿಲ್ಲ. ಕೆಲವು ಸಂಘಟಕರು ಹಳೆಯ ಮುಕ್ತಾಯವೇ ಬೇಕು ಎಂದರು. ತಂಡ ಒಪ್ಪದಿದ್ದಾಗ ಪ್ರದರ್ಶನ ಕೈಬಿಟ್ಟರು. ವರ್ಷದ ಕೊನೆಗೆ ತಂಡಕ್ಕೆ ಅಂದುಕೊಂಡಷ್ಟು ಆದಾಯ ಬರಲಿಲ್ಲ. ಒಬ್ಬ ನಟ ಬಿಟ್ಟುಹೋದರು.

ಮುಂದಿನ ನಾಟಕದಲ್ಲಿ ಲೇಖಕಿ ಇನ್ನೊಂದು ಅಂಚಿಗೆ ಹೋದರು. ತಾಲೀಮಿನ ಕೋಣೆಯಲ್ಲೇ ಬರೆಯೋಣ, ನಟರ ಜೊತೆಗೇ ಕಟ್ಟೋಣ ಎಂದು ಒಂದು ಬೇಸಿಗೆ ರಜೆಯನ್ನು ಪೂರ್ತಿ ತಂಡದೊಂದಿಗೆ ಕಳೆದರು. ಪ್ರತಿಯೊಬ್ಬರೂ ಸಲಹೆ ಕೊಟ್ಟರು, ಇವರು ಎಲ್ಲವನ್ನೂ ಸೇರಿಸಿಕೊಂಡರು. ನಾಟಕ ಸೊರಗಿತು. ಪ್ರತಿ ಪಾತ್ರಕ್ಕೂ ಒಂದೊಂದು ದೊಡ್ಡ ಮಾತಿತ್ತು, ಯಾವ ಪಾತ್ರಕ್ಕೂ ಸುಮ್ಮನಿರಲು ಬಿಡುವಿರಲಿಲ್ಲ. ಒಂದೆರಡು ಪ್ರದರ್ಶನಕ್ಕೇ ಅದು ನಿಂತಿತು. ಈ ಸೋಲನ್ನು ಅನೇಕರು ಬಿಟ್ಟು ಕಥೆ ಹೇಳುತ್ತಾರೆ. ನನಗೆ ಮೊದಲ ಜಗಳದಷ್ಟೇ ಇದೂ ಮುಖ್ಯ. ತಾಲೀಮಿಗೆ ಹೋಗುವುದು ಬೇರೆ, ತಾಲೀಮಿನಲ್ಲಿ ಬರೆಯುವುದು ಬೇರೆ. ಮೊದಲನೆಯದಕ್ಕೆ ಕೈಯಲ್ಲಿ ಪೂರ್ಣವಾದ ನಾಟಕ ಇರಬೇಕು, ಇಲ್ಲದಿದ್ದರೆ ಜೋರಾಗಿ ಮಾತಾಡುವವರ ಮಾತೇ ನಾಟಕವಾಗುತ್ತದೆ.

ಈಗಿನ ಪದ್ಧತಿ

ನಾಲ್ಕನೆಯ ನಾಟಕದ ಹೊತ್ತಿಗೆ ಅವರು ಒಂದು ಕ್ರಮಕ್ಕೆ ಬಂದಿದ್ದರು. ಮುಗಿಸಿದ ನಾಟಕವನ್ನೇ ಕೊಡುತ್ತಾರೆ. ಮೊದಲ ಓದಿನಿಂದ ಹಿಡಿದು ನಟರು ಮಾತು ಬಾಯಿಪಾಠ ಮಾಡಿ ಎದ್ದು ನಿಲ್ಲುವವರೆಗೆ, ರಜೆ ಸಿಕ್ಕಿದಾಗಲೆಲ್ಲ ಹೋಗಿ ಕೂರುತ್ತಾರೆ. ನಟರ ಮಾತಿಗೆ ನೇರವಾಗಿ ಉತ್ತರ ಕೊಡುವುದಿಲ್ಲ, ನಿರ್ದೇಶಕರಿಗೆ ಹೇಳುತ್ತಾರೆ. ನಾಟಕ ರಂಗದ ಮೇಲೆ ಒಮ್ಮೆ ಪೂರ್ತಿ ಓಡಿದ ಮೇಲೆ ತಾಲೀಮಿನಿಂದ ದೂರವಿರುತ್ತಾರೆ. ಬೆಳಕು, ಸಂಗೀತ, ರಂಗಸಜ್ಜಿಕೆ, ನಡೆ ಎಲ್ಲವೂ ನಿರ್ದೇಶಕರ ಹಕ್ಕು. ಈ ಬಿಟ್ಟುಕೊಡುವಿಕೆ ಮುಖ್ಯ ಎಂದು ನಿರ್ದೇಶಕರು ನನಗೆ ಒತ್ತಿ ಹೇಳಿದರು. ಬರೆದವರು ಕೊನೆಯ ದಿನದವರೆಗೆ ಮೂಲೆಯಲ್ಲಿ ಕೂತಿದ್ದರೆ ನಟರ ಕಣ್ಣು ಅವರ ಮುಖದ ಮೇಲೇ ಇರುತ್ತದಂತೆ.

ಒಪ್ಪಂದ ಎರಡು ಪುಟದ್ದು, ಸರಳ ಕನ್ನಡದಲ್ಲಿದೆ. ಎಷ್ಟು ವರ್ಷ, ಯಾವ ಭಾಷೆ, ಯಾವ ಪ್ರದೇಶ ಎಂಬುದು ಮೊದಲು. ಪ್ರತಿ ಪ್ರದರ್ಶನಕ್ಕೆ ಇಂತಿಷ್ಟು ಗೌರವಧನ, ಉಚಿತ ಪ್ರದರ್ಶನವಾದರೆ ಬೇಡ. ಉದ್ದ ಕಡಿಮೆ ಮಾಡಲು ಮಾತು ಕತ್ತರಿಸಬಹುದು. ಹೊಸ ಮಾತು ಸೇರಿಸಬೇಕಾದರೆ, ಮುಕ್ತಾಯ ಬದಲಿಸಬೇಕಾದರೆ ಮೊದಲು ಕೇಳಬೇಕು. ಭಿನ್ನಾಭಿಪ್ರಾಯ ಬಗೆಹರಿಯದಿದ್ದರೆ ಬರೆದದ್ದನ್ನೇ ಆಡಬೇಕು, ಅಥವಾ ಆಡದೆ ಬಿಡಬೇಕು. ಪ್ರದರ್ಶನವನ್ನು ಚಿತ್ರೀಕರಿಸಿ ಅಂತರ್ಜಾಲದಲ್ಲಿ ಹಾಕುವುದಕ್ಕೆ ಬೇರೆ ಅನುಮತಿ. ಮೊದಲ ನಾಟಕದ ಕಾಲದಲ್ಲಿ ಯಾರೂ ಯೋಚಿಸದಿದ್ದ ಈ ಕೊನೆಯ ಅಂಶವೇ ಈಗ ಹೆಚ್ಚು ಚರ್ಚೆಯಾಗುವುದು.

ಈ ಪದ್ಧತಿಯಲ್ಲಿ ಬಂದ ನಾಲ್ಕನೆಯ ನಾಟಕ ಇನ್ನೂ ಆಡುತ್ತಿದೆ. ಅದರ ಮುಕ್ತಾಯದ ಬಗ್ಗೆಯೂ ಇಬ್ಬರಿಗೂ ಜಟಾಪಟಿ ನಡೆದಿತ್ತು, ಆದರೆ ತಾಲೀಮಿನ ಎರಡನೆಯ ವಾರದಲ್ಲಿ. ನಿರ್ದೇಶಕರ ಮಾತೇ ಗೆದ್ದಿತು. ಲೇಖಕಿ ಕೊನೆಯ ದೃಶ್ಯವನ್ನು ಪೂರ್ತಿ ತೆಗೆದುಹಾಕಿ, ಅದರ ಹಿಂದಿನ ದೃಶ್ಯಕ್ಕೇ ನಾಟಕ ಮುಗಿಸಿದರು.

ರಂಗರೂಪಗಳನ್ನು ಅವರು ಈಗಲೂ ಮಾಡುತ್ತಾರೆ, ಅದೇ ಒಪ್ಪಂದದೊಂದಿಗೆ. ಸಹಿಯ ನಾಟಕ ಮರುಮುದ್ರಣವಾದಾಗ ಪುಸ್ತಕದ ಆರಂಭದಲ್ಲಿ ಒಂದು ಪುಟ ಸೇರಿಸಿದ್ದಾರೆ. ಶಾಲಾ ಕಾಲೇಜಿನ ಮಕ್ಕಳು ತಮ್ಮ ಪೋಷಕರು, ಸಹಪಾಠಿಗಳ ಮುಂದೆ ಆಡುವುದಕ್ಕೆ, ಹವ್ಯಾಸಿ ಸಂಘಗಳು ಹಣ ಪಡೆಯದೆ ಆಡುವುದಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ, ನನ್ನನ್ನು ಕೇಳಬೇಕಿಲ್ಲ ಎಂದು ಅಲ್ಲಿ ಬರೆದಿದ್ದಾರೆ. ಟಿಕೆಟ್ ಇಟ್ಟು ಆಡುವವರು ಪತ್ರ ಬರೆಯಬೇಕು. ಮುಕ್ತಾಯ ಬದಲಿಸಬೇಕು ಅನ್ನಿಸಿದವರು, ಉಚಿತವಾಗಿ ಆಡುವವರಾದರೂ, ಮೊದಲು ಫೋನ್ ಮಾಡಬೇಕು. ಹಾಗೆ ಫೋನ್ ಮಾಡಿದ ಎರಡು ಕಾಲೇಜುಗಳ ತಾಲೀಮಿಗೆ ಅವರು ತಾವೇ ಹೋಗಿ ಬಂದಿದ್ದಾರೆ.